ಗೋಮುಖದವರೆಗೆ ಹೋಗಿ ತಿರುಗಿ ಬಂದದ್ದು

ಮೊದಲ ಸಲ ನಡೆಯಲು ಶುರು ಮಾಡಿದಾಗ ಅಷ್ಟು ಕಷ್ಟವಾಗಲಿಲ್ಲ. ಡಾಕ್ಟರು ಹೇಳಿದರು, ನಡೆದೆ. ನಡೆಯುತ್ತಿದ್ದವಳು ಬಿದ್ದು, ಹೆದರಿ ಮೂಲೆ ಹಿಡಿದು ಕೂತು, ಮತ್ತೆ ಏಳಬೇಕಲ್ಲ, ಅದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಆಸ್ಪತ್ರೆಯವರು ಮಾತ್ರೆ ಹೇಗೆ ನುಂಗಬೇಕು ಅಂದರು, ಉಪ್ಪು ಕಡಿಮೆ ಮಾಡಿ ಅಂದರು. ಭಯಕ್ಕೆ ಏನು ಮಾಡಬೇಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಸಿಲು ದಾಟಲು ಕಾಲೆತ್ತಿ ಹಿಂದಕ್ಕೇ ಇಟ್ಟುಕೊಂಡವರು ನನ್ನ ಹಾಗೆ ಇನ್ನೂ ಎಷ್ಟೋ ಜನ ಇರಬಹುದು. ಅವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತೆರಕಣಾಂಬಿ. ನಮ್ಮ ಯಜಮಾನರು ಮಹದೇವಸ್ವಾಮಿ ಅರಿಶಿನದ ವ್ಯಾಪಾರ ಮಾಡುತ್ತಾರೆ. ಒಬ್ಬಳೇ ಮಗಳು ದಾಕ್ಷಾಯಿಣಿ, ಕುದೇರಿಗೆ ಕೊಟ್ಟಿದ್ದೇವೆ. ಪಕ್ಕದ ಮನೆಯಲ್ಲಿ ನನ್ನ ಓರಗಿತ್ತಿ ಸಾಕಮ್ಮಕ್ಕ. ಅವಳಿಗೆ ಮಂಡಿ ನೋವು, ಹೆಚ್ಚು ನಡೆಯಲಾರಳು. ಆ ನಡಿಗೆಯನ್ನೆಲ್ಲ ನಾಲಿಗೆಗೆ ಕೊಟ್ಟಿದ್ದಾನೆ ದೇವರು.

ಬೇಯಿಸಿದ ಅರಿಶಿನ ಅಂಗಳದಲ್ಲಿ ಒಣಗುವ ಕಾಲ. ಮಧ್ಯಾಹ್ನ ಕೊಂಬುಗಳಲ್ಲಿ ಕೈಯಾಡಿಸುತ್ತಿದ್ದಾಗ ಎಡಗಡೆಯ ದವಡೆ ನೋಯತೊಡಗಿತು. ಹುಳುಕು ಹಲ್ಲಿರಬೇಕು ಎಂದು ಲವಂಗ ಕಚ್ಚಿಕೊಂಡು ಜಗಲಿಯ ನೆರಳಲ್ಲಿ ಕೂತೆ. ಸಾಕಮ್ಮಕ್ಕ ಹುಣಸೆಹಣ್ಣು ಕೇಳಲು ಬಂದವಳು ನನ್ನ ಮುಖ ನೋಡಿ ಅಲ್ಲೇ ನಿಂತಳು.

"ಇದೇನಮ್ಮಿ ನಾಗು, ನೆರಳಲ್ ಕೂತ್ಕಂಡು ಇಂಗೆ ಬೆವತಿದ್ದೀಯ?"

"ಹಲ್ಲುನೋವು ಕನಕ್ಕ."

"ಹಲ್ಲುನೋವಿಗೆ ಸೀರೆ ಒದ್ದೆಯಾಯ್ತದ? ಏಳು ಮ್ಯಾಕೆ. ಸಾಮೀ, ಎಲ್ಲಿದ್ದೀಯಪ್ಪ, ಆಟೋ ಕರೀ ಬ್ಯಾಗ."

ಅವಳು ಹುಣಸೆಹಣ್ಣಿಗೆ ಬರದೇ ಇದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಶಿವ ಮಾಡಿದ ಮೊದಲನೇ ಉಪಕಾರ ಅದು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು. ಕಾಗದ ಹೊರಗೆ ಬರುತ್ತಿದ್ದಂತೆ ಅದನ್ನು ಹಿಡಿದಿದ್ದ ಡಾಕ್ಟರಮ್ಮ ನನ್ನನ್ನು ಬಿಟ್ಟು ಯಜಮಾನರ ಮುಖ ನೋಡಿದರು. ಆಗಲೇ ತಿಳಿಯಿತು. ಆಂಬುಲೆನ್ಸಿನಲ್ಲಿ ಮಲಗಿಸಿ ಮೈಸೂರಿಗೆ ಕರೆದೊಯ್ಯುವಾಗ, ನಂಜನಗೂಡಿನ ಗೋಪುರ ಕಂಡೀತೇನೋ ಎಂದು ಕತ್ತೆತ್ತಿದೆ. "ಅಲ್ಲಾಡಬ್ಯಾಡಿ" ಅಂದರು. ಕಣ್ಣು ಮುಚ್ಚಿ ಅಂದಾಜಿನ ಮೇಲೆ ಕೈ ಮುಗಿದೆ. ನಮ್ಮ ಯಜಮಾನರು ನನ್ನ ಕಾಲ ಹತ್ತಿರ ಕೂತು ಪಾದ ಉಜ್ಜುತ್ತಲೇ ಇದ್ದರು. ಮದುವೆಯಾದಾಗಿನಿಂದ ಅವರು ನನ್ನ ಪಾದ ಮುಟ್ಟಿದ್ದು ಅದೇ ಮೊದಲು. ಅದರಿಂದ ನನಗೆ ಇನ್ನೂ ಭಯವಾಯಿತು.

ಮೈಸೂರಿನಲ್ಲಿ ಒಳಗೆ ಕರೆದೊಯ್ಯುವ ಮುಂಚೆ, ಕತ್ತಿನಲ್ಲಿರುವುದನ್ನೆಲ್ಲ ತೆಗೆಯಿರಿ ಅಂದರು. ತಾಳಿ ತೆಗೆದುಕೊಟ್ಟೆ. ಲಿಂಗದ ಕರಡಿಗೆ ಮಾತ್ರ ತೆಗೆಯಲಾಗಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗ ಮೈ ಬಿಟ್ಟು ಹೋದದ್ದೇ ಇಲ್ಲ. ಇವತ್ತು ಬಿಚ್ಚಿಟ್ಟು ಒಳಗೆ ಹೋದರೆ ಹೊರಗೆ ಬರುವುದಿಲ್ಲ ಎಂದು ಮನಸ್ಸು ಹೇಳಿತು. ಮುಷ್ಟಿ ಹಿಡಿದು ಅಳುತ್ತಿದ್ದೆ. ಕೇರಳದ ಕಡೆಯ ನರ್ಸಮ್ಮ ಒಬ್ಬರು ಬಂದು, "ಪೇಡಿಕ್ಕೇಂಡ ಅಮ್ಮ, ಹೆದರಬೇಡ" ಎನ್ನುತ್ತ ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಎಡ ರಟ್ಟೆಗೆ ಕಟ್ಟಿದರು. "ಎದೆ ಮೇಲೆ ಮಾತ್ರ ಬೇಡ. ಇಲ್ಲಿ ಇರಲಿ. ದೇವರು ನಿಮ್ಮ ಜೊತೆ ಒಳಗೆ ಬರ್ತಾರೆ." ಆ ತಾಯಿಯ ಕತ್ತಿನಲ್ಲಿ ಶಿಲುಬೆ ಇತ್ತು. ಈಗಲೂ ಪೂಜೆಗೆ ಕೂತಾಗ ಒಂದು ಬಿಲ್ವಪತ್ರೆ ಅವರ ಹೆಸರಿನಲ್ಲಿ ಏರಿಸುತ್ತೇನೆ.

ಸ್ಟೆಂಟ್ ಹಾಕಿದರು. ಸಕ್ಕರೆ ಕಾಯಿಲೆಯೂ ಇದೆ ಎಂದು ಅಲ್ಲೇ ಗೊತ್ತಾಯಿತು. ಮನೆಗೆ ಕಳಿಸುವ ದಿನ ಡಾಕ್ಟರು, "ಒಂದು ದಿನವೂ ಮಾತ್ರೆ ತಪ್ಪಿಸಬೇಡಿ. ಒಂದು ದಿನವೂ ನಡಿಗೆ ತಪ್ಪಿಸಬೇಡಿ" ಅಂದರು. ಮನೆ ಕೆಲಸ ಮಾಡುತ್ತೇನಲ್ಲ, ಸಾಲದೇ ಅಂತ ಕೇಳಿದೆ. ಅದು ಬೇರೆ, ಇದು ಬೇರೆ ಅಂದರು.

ಹಳ್ಳಿಯಲ್ಲಿ ಹೆಂಗಸು ಸುಮ್ಮನೆ ರಸ್ತೆಯಲ್ಲಿ ಕೈ ಬೀಸಿಕೊಂಡು ಹೋದರೆ, ಎದುರಿಗೆ ಸಿಕ್ಕವರೆಲ್ಲ "ಎತ್ತಗವ್ವ, ಏನಾಯ್ತು" ಎಂದು ಕೇಳುತ್ತಾರೆ. ಅದಕ್ಕೇ ಕೆರೆ ಏರಿಯ ಈಶ್ವರನ ಗುಡಿಯನ್ನು ಆರಿಸಿಕೊಂಡೆ. ಗುಡಿ ಸುತ್ತುವವರನ್ನು ಯಾರೂ ಏಕೆಂದು ಕೇಳುವುದಿಲ್ಲ. ಶಿವನ ಗುಡಿಯಲ್ಲಿ ಪೂರ್ತಿ ಸುತ್ತು ಬರುವ ಹಾಗಿಲ್ಲ. ಅಭಿಷೇಕದ ನೀರು ಹೊರಗೆ ಬೀಳುವ ಗೋಮುಖವನ್ನು ದಾಟಬಾರದು. ಅಲ್ಲಿವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗಬೇಕು. ಹಾಗೆ ಹೋಗುತ್ತ ಬರುತ್ತ ಮಳೆಗಾಲ ಕಳೆಯಿತು. ಸಾಕಮ್ಮಕ್ಕ ಗುಡಿಯ ಜಗಲಿಯ ಮೇಲೆ ಕೂತು ಊರಿನ ಸುದ್ದಿ ಹೇಳುವಳು, ನಾನು ಬಂದಾಗ ಅರ್ಧ, ಮತ್ತೆ ಬಂದಾಗ ಇನ್ನರ್ಧ. ಕಾಲಿಗೆ ಬಲ ಬಂತು, ಉಸಿರು ಉದ್ದವಾಯಿತು. ಬೆಳಗಾದರೆ ಕಾಲು ತಾನಾಗಿ ಗುಡಿಯ ಕಡೆ ಎಳೆಯುತ್ತಿತ್ತು.

ಆ ದಿನಗಳಲ್ಲೇ ದಾಕ್ಷಿ ಬಸುರಿ ಎಂದು ಕುದೇರಿನಿಂದ ಫೋನು ಬಂತು. ಮೊದಲ ಹೆರಿಗೆ ತವರಿನದು. ಅವಳ ಬಾಣಂತನ ನನ್ನ ಕೈಯಾರೆ ಮಾಡಬೇಕು, ಆಮೇಲೆ ನೀನು ಏನಾದರೂ ಮಾಡಿಕೋ ಎಂದು ಶಿವನಿಗೆ ಹೇಳಿಕೊಂಡೆ. ನನ್ನ ಬಾಣಂತನಕ್ಕೆ ನನ್ನ ತಾಯಿ ಇರಲಿಲ್ಲ. ಆ ಕೊರತೆ ನನಗೆ ಗೊತ್ತು, ಮಗಳಿಗೆ ಬೇಡ.

ಕಾರ್ತಿಕ ಸೋಮವಾರ ಬಂತು. ಮದುವೆಗೆ ಮುಂಚಿನಿಂದ ನಡೆಸಿಕೊಂಡು ಬಂದ ಉಪವಾಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಪ್ಪಿಸಬೇಡಿ ಅಂದಿದ್ದ ಸಕ್ಕರೆ ಮಾತ್ರೆಯನ್ನು ತೀರ್ಥದ ನೀರಿನಲ್ಲೇ ನುಂಗಿ, ಬರಿ ಹೊಟ್ಟೆಯಲ್ಲಿ ಗುಡಿಗೆ ಹೋದೆ. ದೇವರಿಗೆ ಕೊಟ್ಟ ಮಾತನ್ನೂ ಮೀರಲಿಲ್ಲ, ಡಾಕ್ಟರ ಮಾತನ್ನೂ ಮೀರಲಿಲ್ಲ. ಎರಡನ್ನೂ ಒಂದೇ ದಿನ ಪಾಲಿಸಿದ್ದೇ ತಪ್ಪಾಯಿತು.

ಗೋಮುಖದ ಹತ್ತಿರ ಹೋಗುವಷ್ಟರಲ್ಲಿ ಕೈ ನಡುಗಿತು. ಮೈಯೆಲ್ಲ ಬೆವರು, ಅದೇ ಬೆವರು. ಕಣ್ಣಿನ ಮುಂದೆ ಕಪ್ಪು ಪರದೆ ಇಳಿದ ಹಾಗಾಯಿತು. ಮಗಳ ಮುಖ ನೆನಪಿಗೆ ಬರಲಿ ಎಂದು ಪ್ರಯತ್ನಪಟ್ಟದ್ದು ನೆನಪಿದೆ. ಬರಲಿಲ್ಲ. ಕೈಯಲ್ಲಿದ್ದ ಚೊಂಬು ಉರುಳಿದ ಸದ್ದು ಜಗಲಿಯ ಮೇಲಿದ್ದ ಸಾಕಮ್ಮಕ್ಕನಿಗೆ ಕೇಳಿಸಿತಂತೆ. ಮಂಡಿ ನೋವಿನವಳು ಹೇಗೆ ಓಡಿ ಬಂದಳೋ, ಅವಳಿಗೇ ತಿಳಿಯದು.

ಗುಂಡ್ಲುಪೇಟೆಯಲ್ಲಿ ಸಕ್ಕರೆ ನೀರು ಏರಿಸಿದರು, ಮೈಸೂರಿನಲ್ಲಿ ಎಲ್ಲ ಪರೀಕ್ಷೆ ಮತ್ತೆ ಮಾಡಿದರು. ಹೃದಯಕ್ಕೆ ಏನೂ ಆಗಿಲ್ಲ, ಊಟ ಬಿಟ್ಟು ಮಾತ್ರೆ ನುಂಗಿದ್ದರಿಂದ ಸಕ್ಕರೆ ಇಳಿದಿದೆ, ಅಷ್ಟೇ ಅಂದರು. ಡಾಕ್ಟರು ಬೈದರು, ಬೈಯಿಸಿಕೊಂಡೆ. ಆದರೆ ನಾವು ಊರಿಗೆ ವಾಪಸ್ಸು ಬರುವುದರೊಳಗೆ "ನಾಗಮ್ಮಂಗೆ ಎರಡನೇ ಅಟ್ಯಾಕು" ಎಂಬ ಸುದ್ದಿ ಕುದೇರು ಮುಟ್ಟಿತ್ತು. ನಮ್ಮ ಬೀಗಿತ್ತಿ ಅಮ್ಮಣ್ಣಿಯವರು ಫೋನು ಮಾಡಿದರು.

"ತಪ್ ತಿಳ್ಕಬ್ಯಾಡಿ ನಾಗಮ್ಮೋರೆ. ನಿಮ್ಗೆ ನಿಮ್ ಜೀವ್ವೇ ಭಾರವಾಗದ. ಬಾಣಂತಿ, ಕೂಸು ಎಂಗ್ ನೋಡ್ಕತೀರಿ? ದಾಕ್ಷಿ ಇಲ್ಲೇ ಇರ್ಲಿ ಬುಡಿ. ನಾನಿಲ್ವ?"

ಅದರಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ. ಆದರೂ ಫೋನು ಇಟ್ಟಮೇಲೆ ನಾನು ಅಡುಗೆಮನೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಕ್ಕರೆ ಇಳಿದಿದ್ದು ಅಷ್ಟೇ ಎಂದು ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಎಡಮಗ್ಗುಲಲ್ಲಿ ಮಲಗಿದರೆ ದಿಂಬಿನೊಳಗೆ ಎದೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ಈಗ ನಿಂತೀತು, ಈಗ ನಿಂತೀತು ಎಂದು ಕಾಯುತ್ತಿದ್ದೆ. ಬಚ್ಚಲಿಗೆ ಹೋದರೆ ಚಿಲಕ ಹಾಕುತ್ತಿರಲಿಲ್ಲ. ಬಿದ್ದರೆ ಬಾಗಿಲು ಒಡೆಯಬೇಕಾದೀತಲ್ಲ. ಹಲ್ಲು ಜುಮ್ಮೆಂದರೆ ದವಡೆ ನೋವು ಎಂದು ಹೆದರಿ ಹುಣಸೆಹಣ್ಣು, ಮಾವಿನಕಾಯಿ ಎಲ್ಲ ಬಿಟ್ಟೆ. ಯಜಮಾನರ ಸ್ಕೂಟರಿನ ಸದ್ದು ಬೀದಿಯ ತುದಿಯಲ್ಲಿ ಕರಗುತ್ತಿದ್ದಂತೆ ನನ್ನ ಬೆರಳು ತಾನಾಗಿ ಮಣಿಕಟ್ಟಿನ ನಾಡಿಯ ಮೇಲೆ ಹೋಗುತ್ತಿತ್ತು. ಗುಡಿಯ ಕಡೆ ನೋಡಿದರೆ ಚೊಂಬು ಉರುಳಿದ ಸದ್ದು ಕಿವಿಯಲ್ಲಿ. ದೇವರ ಬೆನ್ನ ಹಿಂದೆಯೇ ಬಿದ್ದೆನಲ್ಲ, ಅವನು ತಿರುಗಿಯೂ ನೋಡಲಿಲ್ಲವೇ ಎನ್ನುವ ಮಾತು ಮನಸ್ಸಿಗೆ ಬಂದು, ಇಂಥ ಮಾತು ಬಂತಲ್ಲ ಎಂದು ಮತ್ತೆ ಹೆದರುತ್ತಿದ್ದೆ.

ನಮ್ಮ ಯಜಮಾನರಿಗೆ ನನಗಿಂತ ಭಯ. ನೀರಿನ ಕೊಡ ಎತ್ತಿದರೆ ಓಡಿ ಬಂದು ಕಸಿದುಕೊಳ್ಳುವರು. "ನೀ ಸುಮ್ನೆ ಕೂತಿರು ಕಣಮ್ಮಿ. ನಡೆಯಾದೂ ಬ್ಯಾಡ, ಬೀಳಾದೂ ಬ್ಯಾಡ" ಅನ್ನುವರು. ಕೂತೆ. ಕೂತಷ್ಟೂ ಕಾಲು ನನ್ನದಲ್ಲ ಅನ್ನಿಸತೊಡಗಿತು. ಹಿತ್ತಲಿನ ಮೆಟ್ಟಿಲು ಹತ್ತಿದರೆ ಏದುಸಿರು. ಏದುಸಿರು ಬಂದರೆ ಭಯ, ಭಯಕ್ಕೆ ಮತ್ತೆ ಕೂರುವುದು. ಮಳೆಗಾಲವೆಲ್ಲ ಕೂಡಿಟ್ಟ ಬಲ ಹೀಗೆ ಸೋರಿ ಹೋಯಿತು. ಮೊದಲಿನ ಆಸೆಯೂ ಹೋಯಿತು. ಬೆಳಗಾದರೆ, ನಾಳೆ ನೋಡೋಣ ಎಂದು ಮಗ್ಗುಲು ಬದಲಿಸುತ್ತಿದ್ದೆ.

ಶಿವರಾತ್ರಿಯ ಬೆಳಿಗ್ಗೆ ದಾಕ್ಷಿ ಫೋನು ಮಾಡಿದಳು. ಏಳನೇ ತಿಂಗಳಿಗೆ ಕರೆತರುವುದು ನಮ್ಮಲ್ಲಿ ರೂಢಿ, ಅದು ತಪ್ಪಿದರೆ ಒಂಬತ್ತಕ್ಕೆ. "ಅವ್ವಾ, ಏಳಕ್ಕೆ ಬ್ಯಾಡ ಅಂತಾವ್ರೆ ನಮ್ಮತ್ತೆ. ಒಂಬತ್ತಕ್ಕಾದ್ರೂ ಕರ್ಕಂಡ್ ಓಗ್ತೀಯ?" ಅಂದಳು. ಸ್ವಲ್ಪ ತಡೆದು, "ಆಗಾಕಿಲ್ಲ ಅಂದ್ರೆ ಏಳ್ಬುಡು. ನಾ ಏನೂ ಅನ್ಕಳಾಕಿಲ್ಲ" ಅಂದಳು. ಹುಟ್ಟಿದಾಗಿನಿಂದ ಹಟ ಮಾಡಿದ ಹುಡುಗಿ, ಇಷ್ಟು ಮೆತ್ತಗೆ ಮಾತಾಡುವುದನ್ನು ಎಲ್ಲಿ ಕಲಿತಳು?

ಅದೇ ಹೊತ್ತಿಗೆ ಸಾಕಮ್ಮಕ್ಕ ಬಿಲ್ವಪತ್ರೆಯ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು.

"ಇವತ್ತೂ ಬರಾಕಿಲ್ವ? ಶಿವನೇ ನಿನ್ ನಡುಮನೆಗೆ ಬತ್ತನ ಅಂತ ಕಾಯ್ಕಂಡ್ ಕೂತಿದ್ದೀಯ?"

"ಭಯ ಆಯ್ತದ ಕನಕ್ಕ."

"ಆಗ್ಲಿ. ಭಯಾನೂ ಕರ್ಕಂಡೇ ಬಾ. ಜಗಲಿ ಮ್ಯಾಲೆ ನನ್ ಪಕ್ಕ ಕೂರ್ಸ್ಕತೀನಿ."

ಉಪ್ಪಿಟ್ಟು ತಿಂದು ಹೊರಟೆ. ಹಬ್ಬದ ದಿನ ದೇವರ ಮುಖ ನೋಡುವ ಮುಂಚೆ ತಿಂದದ್ದು ಜನ್ಮದಲ್ಲಿ ಮೊದಲು. ಗುಡಿಯಲ್ಲಿ ಪೂಜೆ ಮಾಡುವ ಐನೋರ ಹತ್ತಿರ ಹೇಳಿಕೊಂಡೆ. ಅವರು ಅಭಿಷೇಕದ ಹಾಲು ಅಳೆಯುತ್ತ, "ಲಿಂಗ ಕಟ್ಕಂಡಿರೋ ಮೈ ಅಲ್ವೇನಮ್ಮ ಅದು? ನೀನು ಬಿದ್ರೆ ಅವ್ನೂ ಬಿದ್ದಂಗೇ. ಉಣ್ಣಿಸು ಅದಕ್ಕೆ" ಅಂದು ಹಾಲಿನ ಕಡೆ ತಿರುಗಿದರು. ಎಷ್ಟೋ ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಸ್ವಲ್ಪ ಸರಿಯಿತು.

ನಡೆಯಲು ಶುರು ಮಾಡಿದೆ. ಗುಡಿಯ ಹಿಂದಿನ ಮೂಲೆ ತಿರುಗಿದರೆ ಜಗಲಿ ಕಾಣುವುದಿಲ್ಲ. ಅದೇ ಮೂಲೆಯಲ್ಲಿ ಕಾಲು ನಿಂತಿತು. ಮತ್ತೆ ಸಕ್ಕರೆ ಇಳಿಯಿತೇನೋ ಎಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಬೆಲ್ಲ ಬಾಯಿಗೆ ಹಾಕಿಕೊಂಡು, ಗೋಡೆ ಹಿಡಿದು, ಹಿಂದಕ್ಕೇ ಬಂದುಬಿಟ್ಟೆ. ಗೋಮುಖ ಇನ್ನೂ ಅಷ್ಟು ದೂರ ಇತ್ತು. ಜಗಲಿಗೆ ಬಂದು ಕೂತು ಅತ್ತೆ.

"ಅರ್ಧಕ್ಕೇ ಬಂದ್ಬುಟ್ಟೆ ಕನಕ್ಕ. ನನ್ ಕೈಲಾಗಾಕಿಲ್ಲ."

ಸಾಕಮ್ಮಕ್ಕ ಬಿಲ್ವದ ಕಡ್ಡಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಈ ಗುಡೀಲಿ ಯಾವಳು ಪೂರ್ತಿ ಸುತ್ತು ಆಕವ್ಳೆ ಏಳು ನೋಡನ? ನಮ್ಮತ್ತೆ ಆಕಿದ್ಲ, ನಾ ಆಕಿದ್ನ? ಎಲ್ರೂ ಅಲ್ಲಿಗಂಟ ಓಗಿ ತಿರುಕ್ಕಂಡು ಬರಾದೇ ಅಲ್ವ? ನೀನು ವಸಿ ಮುಂಚೇನೇ ತಿರುಕ್ಕಂಡೆ. ಅದುಕ್ಯಾಕ್ ಮೂಗು ಸೋರುಸ್ಕಂಡ್ ಕೂತಿದ್ದೀಯ?"

ಹುಟ್ಟಿದಾಗಿನಿಂದ ಕಂಡ ರೂಢಿ ಅದು. ಅವತ್ತಿನವರೆಗೆ ಅದರ ಕಡೆ ಗಮನ ಕೊಟ್ಟಿರಲಿಲ್ಲ. ಬೇರೆ ದೇವರಿಗೆ ಪೂರ್ತಿ ಸುತ್ತು ಬೇಕು. ನನ್ನ ಶಿವನಿಗೆ ತಿರುಗಿ ಬಂದರೂ ಲೆಕ್ಕಕ್ಕುಂಟು.

ಅವತ್ತಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೇ ದಿನ ಹೋಗಲಿಲ್ಲ. ಅದರ ಮಾರನೇ ದಿನ ಹೋಗಿ ಮೂಲೆಯಿಂದ ವಾಪಸ್ಸಾದೆ. ಒಂದು ವಾರ ನೆಗಡಿ ನೆಪ. ಆದರೆ ಮೊದಲಿನ ಹಾಗೆ, ಒಂದು ದಿನ ತಪ್ಪಿತು, ಇನ್ನು ಮುಗಿಯಿತು ಎಂದು ಕೂರುವುದನ್ನು ಬಿಟ್ಟೆ. ತಪ್ಪಿದರೆ ತಪ್ಪಿದ ಜಾಗದಿಂದ ಮತ್ತೆ ಹೊರಡುವುದು. ಮೂಲೆ ದಾಟುವಾಗ ಸಾಕಮ್ಮಕ್ಕ ಜಗಲಿಯಿಂದ "ಇದ್ದೀಯೇನಮ್ಮಿ?" ಎಂದು ಕೂಗುವಳು. "ಇವ್ನಿ ಕನಕ್ಕ" ಎಂದು ನಾನು ಕೂಗುವೆನು. ಹೀಗೆ ಕೂಗಿಕೊಳ್ಳುತ್ತ ಕೂಗಿಕೊಳ್ಳುತ್ತ ಒಂದು ದಿನ ಗೋಮುಖ ಮುಟ್ಟಿದೆ. ಕೆಳಗೆ ನನ್ನ ಚೊಂಬು ಉರುಳಿದ ಕಲ್ಲು ಹಾಗೇ ಇತ್ತು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ನೀರು ತಲೆಗೆ ಹಾಕಿಕೊಂಡು ತಿರುಗಿ ಬಂದೆ.

ಒಂಬತ್ತನೇ ತಿಂಗಳು ಹತ್ತಿರವಾದಾಗ ಯಜಮಾನರು ಒಂದು ಮಾತು ಹೇಳಿದರು. "ಡಾಕ್ಟ್ರು ಆಯ್ತದ ಅಂದ್ರೆ ಕರ್ಕಂಡ್ ಬರನ. ಇಲ್ಲ ಅಂದ್ರೆ ನೀ ಅಳಂಗಿಲ್ಲ." ಮೈಸೂರಿಗೆ ಹೋದೆವು. ಓಡುವ ಬೆಲ್ಟಿನ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ ಬರೆದುಕೊಟ್ಟರು. ಸೀರೆಯಲ್ಲಿ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರಿಂದ ದಾಕ್ಷಿಯ ಹಳೇ ಚೂಡಿದಾರ ಹಾಕಿಕೊಂಡು ಹೋಗಿದ್ದೆ. ಕಾಯುವ ಕೋಣೆಯಲ್ಲಿ ಯಜಮಾನರು ನನ್ನನ್ನು ನೋಡುವರು, ನಗು ತಡೆದುಕೊಂಡು ಫ್ಯಾನು ನೋಡುವರು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಇದೇ ಮೊದ್ಲಾ?" ಎಂದು ಕೇಳಿದರು. ಚೂಡಿದಾರವೋ ಪರೀಕ್ಷೆಯೋ ಎಂದು ತಿಳಿಯದೆ ಹೂಂ ಅಂದೆ. ಒಳಗಿನಿಂದ ಆ ಯಂತ್ರದ ಗುಂಯ್ ಸದ್ದು ಬರುತ್ತಿತ್ತು. ಸದ್ದು ಜೋರಾದಾಗಲೆಲ್ಲ ಕೋಣೆಯಲ್ಲಿ ಮಾತು ನಿಲ್ಲುತ್ತಿತ್ತು.

ಬೆಲ್ಟು ಮೆಲ್ಲಗೆ ಹೊರಟಿತು. ನಡೆದೆ. ಅದು ಎದ್ದು ಏರಿಯ ಹಾಗೆ ಓರೆಯಾಯಿತು. ಕಣ್ಣು ಮುಚ್ಚಿಕೊಂಡು ಅಲ್ಲೂ ನಡೆದೆ. ಕಿವಿಯ ಹಿಂದೆ ಬೆವರು ಇಳಿದದ್ದೇ ತಡ, "ನಿಲ್ಸಿ, ನಿಲ್ಸಿ" ಎಂದು ಕೂಗಿಬಿಟ್ಟೆ. ನಿಲ್ಲಿಸಿದರು. ಡಾಕ್ಟರು ಓಡಿ ಬಂದರು.

"ನೋವು ಬಂತಾ?"

"ಇಲ್ಲ."

"ದವಡೆ? ಉಸಿರು?"

"ಇಲ್ಲ ಸಾಮಿ. ಭಯ ಬಂತು."

ಅವರು ಪರದೆಯ ಮೇಲಿನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಗಾಜಿನ ಬಾಗಿಲಿನ ಆಚೆ ಯಜಮಾನರ ಮುಖ ಸುಣ್ಣದ ಹಾಗಿತ್ತು. ಇಲ್ಲಿಗೆ ನನ್ನ ಬಾಣಂತನ ಮುಗಿಯಿತು ಎಂದುಕೊಂಡೆ. ಆಮೇಲೆ ಬಾಯಿಂದ ಮಾತು ತಾನಾಗಿ ಬಂತು. "ವಸಿ ಕೂತ್ಕಂಡು ಇನ್ನೊಂದ್ ಕಿತ ಅತ್ತಲಾ?" ಅವರು ನನ್ನನ್ನು ನೋಡಿ, ಗೆರೆಗಳನ್ನು ಇನ್ನೊಮ್ಮೆ ನೋಡಿ, ಹತ್ತಿ ಅಂದರು. ಎರಡನೇ ಸಲ ಕಣ್ಣು ಮುಚ್ಚಲಿಲ್ಲ. ಎದುರಿನ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದನ್ನೇ ಗೋಮುಖ ಮಾಡಿಕೊಂಡು ನಡೆದೆ. ಅವರೇ ಸಾಕು ಎನ್ನುವವರೆಗೆ ನಡೆದೆ.

ಪರವಾಗಿಲ್ಲ, ಚೆನ್ನಾಗಿದೆ ಅಂದರು. ಬಾಣಂತನ ಮಾಡಬಹುದೇ ಎಂದು ಕೇಳಿದೆ. "ಮಾಡಿ. ನೀರಿನ ಹಂಡೆ ಮಾತ್ರ ಎತ್ತಬೇಡಿ."

"ಹಂಡೆ ನಾನ್ ಎತ್ತೀನಿ" ಅಂದರು ನಮ್ಮ ಯಜಮಾನರು. ಅರಿಶಿನದ ಮೂಟೆ ಎತ್ತುವ ಗಂಡಸು, ಬಾಣಂತಿಯ ಬಚ್ಚಲಿಗೆ ನೀರು ಹೊರುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿದರು. ಹೊತ್ತರು ಕೂಡ.

ದಾಕ್ಷಿಯನ್ನು ಕರೆತಂದೆವು. ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ, ಸಾಂಬ್ರಾಣಿ ಹೊಗೆ ಹಾಕುವಾಗ, ಎಷ್ಟೋ ಸಲ ಎದೆ ಧಸಕ್ಕೆಂದಿದೆ. ಕೂಸು ಕೈಯಲ್ಲಿದ್ದಾಗ ಏನಾದರೂ ಆದರೆ ಎಂದು ನಿಂತು ಎತ್ತಿಕೊಳ್ಳುತ್ತಲೇ ಇರಲಿಲ್ಲ, ಕೂತೇ ಎಲ್ಲ ಮಾಡಿದೆ. ಭಯ ಈಗಲೂ ನನ್ನ ಜೊತೆಯೇ ಇದೆ. ಅದಕ್ಕೆ ಜಗಲಿಯಲ್ಲಿ ಜಾಗ ಕೊಟ್ಟಿದ್ದೇನೆ, ಅಷ್ಟೇ.

ಐದನೇ ತಿಂಗಳಿಗೆ ತಾಯಿ ಮಗುವನ್ನು ಕರೆದೊಯ್ಯಲು ಬೀಗಿತ್ತಿ ಬಂದರು. ಮೊಮ್ಮಗಳನ್ನು ನೋಡಿ, ದಾಕ್ಷಿಯ ಕೆನ್ನೆ ನೋಡಿ, "ಚೆನ್ನಾಗ್ ಮಾಡಿದ್ದೀರಿ" ಅಂದರು. ಊಟವಾದ ಮೇಲೆ ನಾನು ಗುಡಿಗೆ ಹೊರಟಾಗ ತಾವೂ ಬರುತ್ತೇನೆ ಎಂದು ಎದ್ದರು. ಏರಿ ಹತ್ತುವಲ್ಲಿ ನಿಂತುಬಿಟ್ಟರು. ಕೈ ಎದೆಯ ಮೇಲಿತ್ತು.

"ನಾಗಮ್ಮೋರೆ, ಒಂದ್ ಮಾತು. ಯಾರ್ಗೂ ಏಳಿಲ್ಲ. ಏರು ಅತ್ತುವಾಗ ಇಲ್ಲಿ ಇಡ್ಕತದ. ಯುಗಾದಿಯಿಂದ್ಲೂ ಇಂಗೇ. ಅವತ್ತು ದಾಕ್ಷಿ ಇಲ್ಲೇ ಇರ್ಲಿ ಅಂದ್ನಲ್ಲ, ಆಗ ನನ್ಗೇನೂ ಇರ್ಲಿಲ್ಲ. ಈಗ... ನಾಳೆ ಕೂಸು ಬಂದ್ರೆ ಎತ್ಕಳಕೂ ಭಯ."

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದ ಮುಖ.

ಅವರನ್ನು ಏರಿಯ ಕೆಳಗೇ ಕಲ್ಲಿನ ಮೇಲೆ ಕೂರಿಸಿ ಯಜಮಾನರಿಗೆ ಫೋನು ಮಾಡಿ ಆಟೋ ತರಿಸಿದೆ. "ಗುಡಿ?" ಅಂದರು. "ಗುಡಿ ಎಲ್ಲಿಗೂ ಓಗಾಕಿಲ್ಲ. ಇವತ್ತು ಇಲ್ಲಿಂದ್ಲೇ ತಿರುಕ್ಕಳನ" ಅಂದೆ.

ಗುಂಡ್ಲುಪೇಟೆಯ ಅದೇ ಆಸ್ಪತ್ರೆ, ಹೊರಗೆ ಕಾಯುವ ಬೆಂಚು. ದಾರಿಯುದ್ದಕ್ಕೂ ಅವರು ಕತ್ತಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. "ಅದ್ನ ರಟ್ಟೆಗೆ ಕಟ್ಬೋದು ಅಮ್ಮಣ್ಣೋರೆ, ನಾ ಕಟ್ಕೊಡ್ತೀನಿ" ಅಂದೆ. ಅವರು ನನ್ನನ್ನು ನೋಡಿ ಮುಷ್ಟಿ ಬಿಟ್ಟರು. ಕಟ್ಟಿದೆ. ಒಳಗಿನಿಂದ ಅವರ ಹೆಸರು ಕರೆದರು. ಅವರು ಏಳಲಿಲ್ಲ. ನನ್ನ ಎದೆಯೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಆದರೆ ನನ್ನ ಕಾಲುಗಳು ಎದ್ದು ನಿಂತವು. ಕೈ ಚಾಚಿದೆ.

"ಬನ್ನಿ. ಆ ಬಾಗ್ಲಿಗಂಟ ಓಗನ."